ಗಡಿಯ ರೈತ ಸರ್ಕಾರದ ಮೇಲೆ ದಾವೆ ಹೂಡಬಹುದೇ?

ಇಂದು ಮಹಾರಾಷ್ಟ್ರದಲ್ಲಿರುವ ಉದಗೀರ, ನಿಲಂಗಾ, ಉಮರಗಾ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಮೊದಲೆರಡು ತಾಲ್ಲೂಕುಗಳಂತೂ 1956ರವರೆಗೆ ನಮ್ಮ ಬೀದರ್ ಜಿಲ್ಲೆಯವೇ. ಅಲ್ಲಿಯ ರೈತನೊಬ್ಬನ ಮೇಲೆ ಸರ್ಕಾರಿ ಜೀಪು ಹರಿದರೆ ಅವನ ಹೆಂಡತಿ ಮಕ್ಕಳು ಸರ್ಕಾರದ ಮೇಲೆ ದಾವೆ ಹೂಡಬಹುದೇ? ಸಂವಿಧಾನದ 300ನೇ ವಿಧಿ ಇದಕ್ಕೆ ನೇರವಾಗಿ ಉತ್ತರ ಕೊಡಲಿಲ್ಲ. ಹಿಂದಿನ ಪ್ರಾಂತ್ಯದ ಮೇಲೋ ಸಂಸ್ಥಾನದ ಮೇಲೋ ಎಂಥ ದಾವೆ ನಡೆಯುತ್ತಿತ್ತೋ ಅಂಥದೇ ಇಂದಿನ ರಾಜ್ಯದ ಮೇಲೂ ನಡೆಯಲಿ, ಶಾಸನಸಭೆ ಬೇರೆ ಕಾನೂನು ಮಾಡುವವರೆಗೆ ಎಂದಿತು. ಗಣರಾಜ್ಯದ ಪ್ರಜೆ ತನ್ನ ಹಕ್ಕು ತಿಳಿಯಲು ನಿಜಾಮನ ಕಾಲದ ಕಾನೂನನ್ನು ಹುಡುಕಬೇಕೆನ್ನುವುದು ನನಗೆ ಇಂದಿಗೂ ಒಪ್ಪಿಗೆಯಾಗದ ಮಾತು.

ಬ್ರಿಟಿಷ್ ಭಾಗದಲ್ಲಿ ಅಳತೆಗೋಲು 1861ರಲ್ಲೇ ಸಿಕ್ಕಿತ್ತು. ಕಲ್ಕತ್ತೆಯ ಕಿಡರ್‌ಪುರದ ಸರ್ಕಾರಿ ಹಡಗುಕಟ್ಟೆಯ ಕೂಲಿಗಳ ಅಜಾಗರೂಕತೆಯಿಂದ ಪಿ ಅಂಡ್ ಓ ಕಂಪನಿಯ ಕುದುರೆಗೆ ಗಾಯವಾಯಿತು. ಕೇಳಿದ ಪರಿಹಾರ 350 ರೂಪಾಯಿ. ಮುಖ್ಯ ನ್ಯಾಯಮೂರ್ತಿ ಬಾರ್ನ್ಸ್ ಪೀಕಾಕ್ ಕೊಡಿ ಎಂದರು. ಆದರೆ ವ್ಯಾಪಾರದಂಥ ಕೆಲಸಕ್ಕೆ ಸರ್ಕಾರ ಹೊಣೆ, ದೊರೆತನದ ಕೆಲಸಕ್ಕೆ ಅಲ್ಲ ಎಂಬ ಗೆರೆಯನ್ನೂ ಎಳೆದರು.

ಸಂಸ್ಥಾನಗಳ ಪ್ರಜೆಗಳಿಗೆ ದಾರಿ ತೆರೆದದ್ದು ಉದಯಪುರದ ವಿದ್ಯಾವತಿ ಪ್ರಕರಣ. 1952ರಲ್ಲಿ ಕಲೆಕ್ಟರರ ಜೀಪನ್ನು ರಿಪೇರಿಯಿಂದ ವಾಪಸು ತರುತ್ತಿದ್ದ ಚಾಲಕ ಪಾದಚಾರಿಯೊಬ್ಬರಿಗೆ ಗುದ್ದಿದ, ಅವರು ತೀರಿಕೊಂಡರು. ರಾಜ್ಯವೇ 15,000 ರೂಪಾಯಿ ಕೊಡಬೇಕೆಂದು 1962ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಳೆಯ ಸಂಸ್ಥಾನಕ್ಕೆ ಹೊಣೆಯಿರಲಿಲ್ಲ ಎನ್ನುವುದಾದರೆ ಅದನ್ನು ಸರ್ಕಾರವೇ ತೋರಿಸಬೇಕಿತ್ತು, ವಿಧವೆ ವಿದ್ಯಾವತಿಯಲ್ಲ. ಉದಗೀರದವರಿಗೂ ಆಸರೆಯಾಗುವ ಮಾತು ಇದೇ.

ಮೂರು ವರ್ಷ ತುಂಬುವ ಮೊದಲೇ ಬಾಗಿಲು ಅರ್ಧ ಮುಚ್ಚಿತು. ಮೀರತ್ತಿನಲ್ಲಿ ಪೊಲೀಸರು ಜಪ್ತಿ ಮಾಡಿದ ಚಿನ್ನವನ್ನು ಹೆಡ್ ಕಾನ್ಸ್‌ಟೇಬಲ್ ಒಬ್ಬ ನುಂಗಿ ಪಾಕಿಸ್ತಾನಕ್ಕೆ ಓಡಿದ. ಜಪ್ತಿ ದೊರೆತನದ ಕೆಲಸ, ಪರಿಹಾರವಿಲ್ಲ ಎಂದಿತು 1964ರ ಕಸ್ತೂರಿಲಾಲ್ ತೀರ್ಪು. ಬರೆದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ಗಜೇಂದ್ರಗಡಕರ್. ಕಾನೂನು ಮಾಡಿ ಎಂದು ಶಾಸನಸಭೆಗಳಿಗೆ ಅವರೇ ಹೇಳಿದರು. ಹಾಗೆ ಹೇಳಬೇಕಾಯಿತೆಂದರೆ ಆ ಫಲ ಅವರಿಗೂ ಹಿತವೆನಿಸಿರಲಿಲ್ಲ.

ನಮ್ಮ ಕಡೆಯ ಬಸವ್ವ ಕೋಂ ದ್ಯಾಮನಗೌಡ ಪಾಟೀಲರ ಪ್ರಕರಣ ಮನಸ್ಸಿಗೆ ಸಮಾಧಾನ ಕೊಡುವಂಥದು. ಮನೆಯಿಂದ ಕಳುವಾದ ಒಡವೆ ಪೊಲೀಸರಿಗೆ ಸಿಕ್ಕಿ, ಅವರ ವಶದಲ್ಲೇ ಮತ್ತೆ ಕಾಣೆಯಾದವು. 1977ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದಿಂದಲೇ ಬೆಲೆ ಕೊಡಿಸಿತು.

ಆದರೆ ಗಜೇಂದ್ರಗಡಕರ್ ಕೇಳಿದ ಕಾನೂನು? ಕಾನೂನು ಆಯೋಗದ ಮೊದಲ ವರದಿಯೇ, 1956ರಲ್ಲಿ, ಇದನ್ನು ಕೇಳಿತ್ತು. 1967ರ ಮಸೂದೆ ಬಿದ್ದುಹೋಯಿತು. ವಾಹನ ಅಪಘಾತವಲ್ಲದ ಹಾನಿಗೆ ಉಮರಗಾದ ರೈತ ಇಂದಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಕಲೆಕ್ಟರ್ ಕಚೇರಿಗೆ ನೋಟಿಸ್ ಕೊಟ್ಟು, ಸಾಮಾನ್ಯವಾಗಿ ಎರಡು ತಿಂಗಳು ಕಾದು ದಾವೆ ಹೂಡಬೇಕು. ಅಷ್ಟಾದ ಮೇಲೂ ಸರ್ಕಾರಿ ವಕೀಲರು 1861ರ ಗೆರೆಯನ್ನೇ ಅವನ ಮುಂದೆ ಹಿಡಿಯಬಹುದು.