ರಿಂಗ್‌ಟೋನ್ ನಿಮ್ಮದು, ಹೆಸರು ಯಾರದು?

ಮೊನ್ನೆ ಶುಕ್ರವಾರ ಆಫೀಸಲ್ಲಿ ಕ್ವಿಜ್ ಇತ್ತು. ಎಚ್‌ಆರ್ ಹುಡುಗಿ ಸ್ಪೀಕರ್‌ನಲ್ಲಿ ಒಂದು ಟ್ಯೂನ್ ಹಾಕಿದಳು. ಎರಡೇ ಸೆಕೆಂಡು. ನಲವತ್ತು ಜನ ಒಟ್ಟಿಗೇ ‘ಮಾಲ್ಗುಡಿ ಡೇಸ್’ ಅಂತ ಕೂಗಿದರು. ಕಥೆ ಯಾರದು? ಆರ್.ಕೆ. ನಾರಾಯಣ್. ನಿರ್ದೇಶನ? ಶಂಕರ್ ನಾಗ್. ಟೈಟಲ್‌ನ ಚಿತ್ರಗಳು? ಆರ್.ಕೆ. ಲಕ್ಷ್ಮಣ್. ಶೂಟಿಂಗ್? ಆಗುಂಬೆ. ಸ್ವಾಮಿ? ಮಾಸ್ಟರ್ ಮಂಜುನಾಥ್. ಎಲ್ಲದಕ್ಕೂ ಪಟಪಟ ಉತ್ತರ ಬಂತು. ಕೊನೆಗೆ ನಾನು ಕೇಳಿದೆ, ‘ಈಗ ಕೇಳಿದ್ರಲ್ಲ, ಆ ಸಂಗೀತ ಮಾಡಿದ್ಯಾರು?’

ಗಪ್‌ಚಿಪ್. ಒಬ್ಬ ‘ಇಳಯರಾಜಾ ಇರ್ಬೇಕು’ ಅಂದ. ಇನ್ನೊಬ್ಬಳು ಮೆಲ್ಲಗೆ ಫೋನ್ ತೆಗೆದಳು.

ಎಲ್. ವೈದ್ಯನಾಥನ್ ಕಣ್ರೀ. ಎರಡು ಸೆಕೆಂಡಲ್ಲಿ ನಲವತ್ತು ಜನರನ್ನು ಬಾಲ್ಯಕ್ಕೆ ಕರಕೊಂಡು ಹೋದ ಮನುಷ್ಯನ ಹೆಸರು ಆ ನಲವತ್ತರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇದಕ್ಕೆ ಮರೆವು ಅಂತ ಹೆಸರಿಟ್ಟು ಜಾರಿಕೊಳ್ಳಬೇಡಿ. ಟಿವಿಗೆ, ಅದರಲ್ಲೂ ಮಕ್ಕಳು ನೋಡುವ ಟಿವಿಗೆ ಮಾಡಿದ ಸಂಗೀತ ಅಂದರೆ ಎರಡನೇ ದರ್ಜೆಯದು ಅಂತ ನಾವು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ನನ್ನ ಜಗಳ ಆ ತೀರ್ಮಾನದ ಜೊತೆ.

ವೈದ್ಯನಾಥನ್ ಎಂಥವರು ಅಂತ ಸ್ವಲ್ಪ ನೋಡಿ. ಹುಟ್ಟಿದ್ದು 1942ರಲ್ಲಿ. ಅಪ್ಪ ವಿ. ಲಕ್ಷ್ಮೀನಾರಾಯಣ ಪಿಟೀಲು ವಿದ್ವಾಂಸರು, ಮೂರೂ ಗಂಡುಮಕ್ಕಳ ಕೈಗೆ ಪಿಟೀಲು ಕೊಟ್ಟವರು. ತಮ್ಮಂದಿರು ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನುಡಿಸಿದರು. ಅವರ ಹೆಸರು ಹೇಳುವಾಗ ನಮ್ಮ ದನಿ ತಾನಾಗಿ ತಗ್ಗುತ್ತದೆ. ಅಣ್ಣ ಸ್ಟುಡಿಯೋ ಸೇರಿದರು. ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದರು. 1978ರಲ್ಲಿ ಕಾಶೀನಾಥರ ‘ಅಪರಿಚಿತ’ಕ್ಕೆ ಸಂಗೀತ ಕೊಟ್ಟರು. ವಾಣಿ ಜಯರಾಂ ಹಾಡಿದ ‘ಸವಿನೆನಪುಗಳು ಬೇಕು’ ಗೊತ್ತಲ್ಲ? ಅದೂ ಇವರದೇ. ಬೆಂಗಳೂರಿನಲ್ಲಿ ಚಿತ್ರೀಕರಿಸಿದ, ಮಾತೇ ಇಲ್ಲದ ‘ಪುಷ್ಪಕ ವಿಮಾನ’ಕ್ಕೂ (1987) ಇವರದೇ ಸಂಗೀತ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದೂರದರ್ಶನಕ್ಕೆ ‘ಮಾಲ್ಗುಡಿ’. 2007ರಲ್ಲಿ ತೀರಿಕೊಂಡರು. ತಮ್ಮಂದಿರ ಕಛೇರಿಯನ್ನು ಒಮ್ಮೆಯೂ ಕೇಳದ ಕೋಟಿ ಜನ ಅಣ್ಣನ ಟ್ಯೂನನ್ನು ಸ್ನಾನ ಮಾಡುವಾಗ ಗುನುಗಿದ್ದಾರೆ. ಇದರಲ್ಲಿ ‘ಕೆಳಗಿಳಿದದ್ದು’ ಎಲ್ಲಿ ಬಂತು?

ಈ ಜೋಡಿ ಅಮೆರಿಕದಲ್ಲೂ ಇದೆ. ಒಬ್ಬ ಹುಡುಗ, ಒಬ್ಬ ವ್ಯಂಗ್ಯಚಿತ್ರಕಾರ, ಮತ್ತು ಮಕ್ಕಳದ್ದಲ್ಲದ ಜಗತ್ತಿನಿಂದ ಬಂದ ಒಬ್ಬ ಸಂಗೀತಗಾರ. ಹುಡುಗ ಚಾರ್ಲಿ ಬ್ರೌನ್, ಬರೆದವರು ಚಾರ್ಲ್ಸ್ ಶುಲ್ಜ್. ಸಂಗೀತ ಸ್ಯಾನ್ ಫ್ರಾನ್ಸಿಸ್ಕೋದ ಜಾಝ್ ಪಿಯಾನಿಸ್ಟ್ ವಿನ್ಸ್ ಗುವಾರಾಲ್ಡಿಯದು. ಅಷ್ಟೊತ್ತಿಗೆ ಜಾಝ್ ಸಂಯೋಜನೆಗೆ ಗ್ರ್ಯಾಮಿ ಗೆದ್ದಿದ್ದ ಮನುಷ್ಯ. 1965ರಲ್ಲಿ ಕಾರ್ಟೂನ್ ರೆಡಿ ಆದಾಗ ಸಿಬಿಎಸ್ ಚಾನೆಲ್ಲಿನ ದೊಡ್ಡವರು ಮುಖ ಸಿಂಡರಿಸಿದರಂತೆ. ಬಹಳ ನಿಧಾನ, ಮಕ್ಕಳ ಕಾರ್ಟೂನಿಗೆ ಜಾಝ್ ಯಾಕೆ ಅಂತ. ಡಿಸೆಂಬರ್ 9ರಂದು ಪ್ರಸಾರವಾಯಿತು. ಆ ಹೊತ್ತಿಗೆ ಟಿವಿ ಮುಂದೆ ಕೂತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅದನ್ನೇ ನೋಡಿದರು. ಆಮೇಲೆ ಸಾಯುವ ತನಕ ಅಂಥ ಕಾರ್ಟೂನುಗಳಿಗೆ ಸಂಗೀತ ಮಾಡುತ್ತಲೇ ಇದ್ದ, ರಾತ್ರಿ ಕ್ಲಬ್ಬುಗಳಲ್ಲಿ ನುಡಿಸುತ್ತಲೂ ಇದ್ದ. 1976ರಲ್ಲಿ, 47ನೇ ವಯಸ್ಸಿಗೆ, ಅಂಥದೇ ಒಂದು ರಾತ್ರಿ ಎರಡು ಸುತ್ತಿನ ನಡುವಿನ ಬಿಡುವಿನಲ್ಲಿ ತೀರಿಕೊಂಡ.

ಆದರೆ ಒಂದು ವ್ಯತ್ಯಾಸ ನೋಡಿ. ಆ ಕಾರ್ಟೂನಿನ ಜೊತೆಗೇ ಅದರ ಸಂಗೀತ ಪ್ರತ್ಯೇಕ ರೆಕಾರ್ಡ್ ಆಗಿ ಬಂತು, ಮುಖಪುಟದ ಮೇಲೆ ಗುವಾರಾಲ್ಡಿ ಹೆಸರಿತ್ತು. 2012ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ದೇಶ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ ಬೆಳ್ಳಗಿರೋದೆಲ್ಲ ಹಾಲಲ್ಲ, ಒಪ್ಪುತ್ತೇನೆ. ಆದರೆ ಟ್ಯೂನಿನ ಜೊತೆ ಹೆಸರೂ ಮನೆಮನೆಗೆ ಹೋಯಿತು. ನಮ್ಮಲ್ಲಿ ಟ್ಯೂನ್ ಮಾತ್ರ ಹೋಯಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿನಲ್ಲಿ ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ಒಳ್ಳೆಯದೇ. ಅಲ್ಲಿ ನಿಂತು ರೀಲ್ಸ್ ಮಾಡಿ, ಅದೇ ಟ್ಯೂನ್ ಹಾಕಿ ‘ನಾಸ್ಟಾಲ್ಜಿಯಾ’ ಅಂತ ಬರೆಯುವ ನಾವು ಇನ್ನೊಂದು ಸಾಲು ಸೇರಿಸಿದರೆ ಬೆರಳು ಸವೆಯುತ್ತದೆಯೇ?

ಇಷ್ಟು ಸಿಟ್ಟು ಯಾಕೆ ಅಂತೀರಾ? ಹೇಳ್ತೀನಿ. ನಮ್ಮೂರು ಹುನಗುಂದದ ಮರೋಳ. ಹನಿ ನೀರಾವರಿ ಯೋಜನೆಯಿಂದ ಪೇಪರಿನಲ್ಲಿ ಹೆಸರು ಬಂದ ಊರು. ನಮ್ಮ ಕಾಕಾನ ಮಗ ಅಲ್ಲಿನ ಭಜನಿ ಮ್ಯಾಳದಲ್ಲಿ ಪೇಟಿ ಬಾರಿಸಿಕೊಂಡು ಬೆಳೆದವನು. ಈಗ ಬೆಂಗಳೂರಿನಲ್ಲಿ ಮಕ್ಕಳ ಕಾರ್ಟೂನುಗಳಿಗೆ ಸಂಗೀತ ಮಾಡುತ್ತಾನೆ. ನಿಮಿಷಕ್ಕಿಷ್ಟು ಅಂತ ಲೆಕ್ಕ. ಅವನ ಒಂದು ಹಾಡು ಹಚ್ಚದಿದ್ದರೆ ನನ್ನ ಮಗಳು ತುತ್ತು ಬಾಯಿಗೆ ಇಡೋದಿಲ್ಲ. ಅದರಲ್ಲಿ ಎಲ್ಲೂ ಅವನ ಹೆಸರಿಲ್ಲ. ‘ಹೆಸರು ಹಾಕ್ರಿ’ ಅಂತ ಕೇಳಿದ್ದಕ್ಕೆ, ‘ನೋಡೋದು ಮಕ್ಕಳು, ಹೆಸರು ಯಾರು ಓದ್ತಾರೆ’ ಅಂದರಂತೆ.

ಯಾರು ಓದ್ತಾರೆ ಅನ್ನೋದು ಪ್ರಶ್ನೆಯೇ ಅಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆದುಕೊಟ್ಟ ಮೇಲೂ ‘ಇದು ನನ್ನ ಕೃತಿ’ ಅಂತ ಹೇಳಿಕೊಳ್ಳುವ ಅಧಿಕಾರ ಕರ್ತೃವಿನ ಹತ್ತಿರವೇ ಉಳಿಯುತ್ತದೆ. 2012ರ ತಿದ್ದುಪಡಿ ಸಿನಿಮಾ ಮತ್ತು ಧ್ವನಿಮುದ್ರಣಗಳಲ್ಲಿ ಸಂಗೀತಗಾರರ, ಗೀತರಚನಕಾರರ ರಾಯಲ್ಟಿ ಹಕ್ಕಿಗೂ ರಕ್ಷಣೆ ಕೊಟ್ಟಿತು. ಕಾನೂನು ಇದೆ. ಆದರೆ ಮುಂದಿನ ಕೆಲಸ ಸಿಗಬೇಕು ಅನ್ನುವವನು ಕಾನೂನಿನ ಪುಸ್ತಕ ಹಿಡಕೊಂಡು ಜಗಳಕ್ಕೆ ಹೋಗ್ತಾನಾ? ಹೋಗಬೇಕಾದವರು ಕೇಳುವವರು, ಅಂದರೆ ನಾವು. ಪ್ರೆಸೆಂಟೇಷನ್ನಿನಲ್ಲಿ ನಮ್ಮ ಸ್ಲೈಡಿಗೆ ಮ್ಯಾನೇಜರ್ ತನ್ನ ಹೆಸರು ಹಾಕಿಕೊಂಡರೆ ವಾರಗಟ್ಟಲೆ ಕುದಿಯುವ ನಾವು, ‘ಸ್ಕಿಪ್ ಇಂಟ್ರೋ’ ಬಟನ್ನನ್ನು ಯೋಚನೆಯೇ ಇಲ್ಲದೆ ಒತ್ತುತ್ತೇವೆ. ಆ ಬಟನ್ ಹಾರಿಸುವುದು ಟ್ಯೂನನ್ನು ಮಾತ್ರವಲ್ಲ, ಅದನ್ನು ಕಟ್ಟಿದವರ ಹೆಸರುಗಳನ್ನೂ.

ಹಾಗಾಗಿ ನನ್ನದು ಸಣ್ಣ ಬೇಡಿಕೆ. ಟ್ಯೂನ್ ಹಾಕಿದರೆ ಹೆಸರು ಹಾಕಿ. ನಿಮ್ಮ ಕಂಪನಿ ಜಾಹೀರಾತಿಗೋ ಆ್ಯಪಿಗೋ ಸಂಗೀತ ಮಾಡಿಸಿದರೆ, ಮೀಟಿಂಗಿನಲ್ಲಿ ಕೈ ಎತ್ತಿ ‘ಹೆಸರು ಎಲ್ಲಿ ಬರುತ್ತೆ?’ ಅಂತ ಕೇಳಿ. ಮಕ್ಕಳಿಗೆ ಹಾಡು ಹಚ್ಚಿಕೊಟ್ಟಾಗ, ಇದನ್ನು ಒಬ್ಬರು ಕೂತು ಮಾಡಿದ್ದಾರೆ ಅಂತ ಹೇಳಿ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಕಾಕಾ ಕಟ್ಟಿ ಮೇಲೆ ಕೂತು ಮಗನನ್ನು ತರಾಟೆಗೆ ತಗೊಂಡಿದ್ದ. ‘ಏನ್ ತಮ್ಮಾ, ಇನ್ನೂ ಎಷ್ಟ ದಿನಾ ಈ ಕಾಗಿ-ಗುಬ್ಬಿ ಸಂಗೀತ? ಖರೇ ಸಂಗೀತ ಯಾವಾಗ ಮಾಡಾಂವ ನೀ?’ ಹುಡುಗ ತಲೆ ತಗ್ಗಿಸಿ ಕೂತಿದ್ದ. ಅಷ್ಟರಲ್ಲಿ ಕಾಕಾನ ಕಿಸೆಯೊಳಗಿನ ಫೋನ್ ಬಾರಿಸಿತು.

ಮಾಲ್ಗುಡಿ ಡೇಸ್.

ನಾನು ಕೇಳಿದೆ, ‘ಕಾಕಾ, ಇದು ಖರೇದೋ, ಕಾಗಿ-ಗುಬ್ಬಿದೋ?’ ಫೋನ್ ಎತ್ತುವುದು ಬಿಟ್ಟು ಕಾಕಾ ನನ್ನ ಮುಖ ನೋಡಿದ. ಅದು ಪೂರ್ತಿ ಬಾರಿಸಿ ನಿಂತಿತು. ಆಮೇಲೆ ಮಗನ ಕಡೆ ತಿರುಗಿ ಕೇಳಿದ, ‘ಯಾರ ಮಾಡ್ಯಾರಲೇ ಇದನ್ನ?’

ಹುಡುಗನಿಗೆ ಗೊತ್ತಿತ್ತು. ಹೇಳಿದ.