ಅಂತರ್ಜಾಲದ ದಾರಿಗೆ ಕಾವಲು

ಅಂತರ್ಜಾಲವೆಂಬುದು ಸಹಸ್ರಾರು ಸ್ವತಂತ್ರ ಜಾಲಗಳ ಒಕ್ಕೂಟ. ‘ಈ ವಿಳಾಸಗಳಿಗೆ ದಾರಿ ನನ್ನಲ್ಲಿದೆ’ ಎಂದು ಒಂದು ಜಾಲವು ಸಾರಿದರೆ ನೆರೆಯ ಜಾಲಗಳು ಬಹುಮಟ್ಟಿಗೆ ಅದನ್ನು ನಂಬಿ ಮುಂದಕ್ಕೆ ತಿಳಿಸುತ್ತವೆ. ಈ ನಂಬಿಕೆಯೇ ಅದರ ಬಲ, ದೌರ್ಬಲ್ಯವೂ ಅದೇ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯು ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಮಾಡಿದ ಸಾರಿಕೆ ಹೊರಗೂ ಹಬ್ಬಿ, ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಆ ತಾಣವೇ ದೊರೆಯದಾಯಿತು. ಅದು ಪ್ರಮಾದ. 2018ರ ಏಪ್ರಿಲ್‌ನಲ್ಲಿ ನಡೆದುದು ವಂಚನೆ: ಅಮೆಜಾನ್‌ನ ವಿಳಾಸಸೂಚಿ ಸೇವೆಯ ದಾರಿಯನ್ನೇ ತಿರುಗಿಸಿ, ಮೈಈಥರ್‌ವ್ಯಾಲೆಟ್ ಬಳಕೆದಾರರ ಡಿಜಿಟಲ್ ಹಣವನ್ನು ದೋಚಲಾಯಿತು.

ವಿಳಾಸದ ಒಡೆತನವನ್ನು ದೃಢಪಡಿಸುವ ಆರ್‌ಪಿಕೆಐ ವ್ಯವಸ್ಥೆ ಇಂದು ಹರಡುತ್ತಿದೆಯಾದರೂ, ಅದು ನಡುದಾರಿಯನ್ನೆಲ್ಲ ಪರೀಕ್ಷಿಸಲಾರದು. ಆದುದರಿಂದ ನಿತ್ಯದ ಕಾವಲು ಅನಿವಾರ್ಯ. ಅಮೆರಿಕದ ಒರೆಗಾನ್ ವಿಶ್ವವಿದ್ಯಾನಿಲಯದ ರೂಟ್‌ವ್ಯೂಸ್ ಹಾಗೂ ಯುರೋಪಿನ ರೈಪ್ ಸಂಸ್ಥೆಗಳು, ಹಲವು ಜಾಲಗಳು ಸ್ವಇಚ್ಛೆಯಿಂದ ಒಪ್ಪಿಸುವ ದಾರಿಯ ವಿವರಗಳನ್ನು ಕೂಡಿಸಿ ಸರ್ವರಿಗೂ ಉಚಿತವಾಗಿ ನೀಡುತ್ತಿವೆ. ಒಂದು ವಿಳಾಸಕ್ಕೆ ಹಠಾತ್ತನೆ ಹೊಸ ಒಡೆಯನು ಕಾಣಿಸಿಕೊಂಡರೆ, ಅವುಗಳನ್ನು ಹಳೆಯ ದಾಖಲೆಯೊಡನೆ ಹೋಲಿಸುವವರಿಗೆ ಬಹುಬೇಗ ತಿಳಿಯುತ್ತದೆ. ಅನ್ನ, ಅಕ್ಷರಗಳ ದಾಸೋಹವನ್ನು ಬಲ್ಲ ನಮಗೆ ಈ ಜ್ಞಾನದಾಸೋಹದ ಘನತೆಯನ್ನು ಬೇರೆ ಹೇಳಬೇಕಾಗಿಲ್ಲ.

ಶುಲ್ಕ, ಫಲಿತಾಂಶ, ದೇಣಿಗೆಗಳೆಲ್ಲ ಇದೇ ದಾರಿಯಲ್ಲಿ ಸಾಗುತ್ತಿರುವಾಗ, ಅದರ ರಕ್ಷಣೆಯನ್ನು ಪರರಿಗೇ ಬಿಟ್ಟು ಕೂರುವುದು ತರವಲ್ಲ. ನಮ್ಮ ಮಕ್ಕಳು ಜಾಲವನ್ನು ಬಳಸುವುದರ ಜೊತೆಗೆ ಕಾಯುವುದನ್ನೂ ಕಲಿಯಲಿ. ದಾನಿಗಳು ಕಟ್ಟಡಗಳಿಗೆ ನೀಡುವಂತೆ ಇಂಥ ಕಲಿಕೆಗೂ ನೆರವಾಗಲಿ. ಕಾವಲೂ ಕಾಯಕವೇ.