ಕೇಳಲು ನಾಚುವವರಿಗೆ ಓದುಗರಿಲ್ಲ

ಫೇಸ್‌ಬುಕ್ಕಿನಲ್ಲಿ ಒಬ್ಬರಿಗೆ ಐದು ಸಾವಿರಕ್ಕಿಂತ ಹೆಚ್ಚು ಸ್ನೇಹಿತರಿರುವಂತಿಲ್ಲ. ಆ ಮಿತಿ ಮುಟ್ಟಿ, ‘ಇನ್ನು ಜಾಗವಿಲ್ಲ, ಫಾಲೋ ಮಾಡಿ’ ಎಂದು ಪ್ರಕಟಣೆ ಹೊರಡಿಸಿದ ಬರಹಗಾರರು ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ಅಂಥವರೊಬ್ಬರು ಈಮೇಲ್ ನ್ಯೂಸ್‌ಲೆಟರ್ ಶುರು ಮಾಡಿದರು ಎಂದಿಟ್ಟುಕೊಳ್ಳಿ. ವಾರಕ್ಕೊಂದು ಬರಹ, ನೇರ ನಿಮ್ಮ ಇನ್‌ಬಾಕ್ಸಿಗೆ, ಚಂದಾ ಉಚಿತ. ಪೋಸ್ಟಿಗೆ ನೂರಾರು ಲೈಕು ಬೀಳುತ್ತದೆ. ‘ಶುಭವಾಗಲಿ ಸರ್’, ‘ಕಾಯುತ್ತಿರುತ್ತೇವೆ’ ಎಂಬ ಕಾಮೆಂಟುಗಳು ಸಾಲುಗಟ್ಟುತ್ತವೆ. ಈಮೇಲ್ ವಿಳಾಸ ಕೊಟ್ಟವರನ್ನು ಎಣಿಸಿದರೆ ಮಾತ್ರ ಅರವತ್ತು ದಾಟುವುದಿಲ್ಲ. ಅದರಲ್ಲೂ ಹತ್ತು ಜನ ನೆಂಟರು. ‘ಕನ್ನಡದಲ್ಲಿ ಓದುವವರೇ ಇಲ್ಲ’ ಎಂಬ ಹಳೆಯ ರಾಗ ಅಲ್ಲಿಂದ ಶುರುವಾಗುತ್ತದೆ.

ಓದುವವರು ಇದ್ದಾರೆ. ಅವರನ್ನು ಯಾರೂ ಕೇಳಿಲ್ಲ, ಅಷ್ಟೇ. ಗೋಡೆಯ ಮೇಲೆ ಪ್ರಕಟಣೆ ಹಚ್ಚುವುದಕ್ಕೂ ಮನೆಗೆ ಹೋಗಿ ಕರೆಯುವುದಕ್ಕೂ ಇರುವ ಅಂತರ ನಮ್ಮಲ್ಲಿ ಮದುವೆ ಮಾಡಿದ ಪ್ರತಿಯೊಬ್ಬರಿಗೂ ಗೊತ್ತು. ಬರಹದ ವಿಷಯ ಬಂದಾಗ ಮಾತ್ರ ಮರೆಯುತ್ತೇವೆ.

ಮೊದಲು, ಈ ಅರವತ್ತು ವಿಳಾಸಗಳು ಆ ಐದು ಸಾವಿರಕ್ಕಿಂತ ಏಕೆ ಹೆಚ್ಚು ಬೆಲೆಯುಳ್ಳವು ಎಂಬುದನ್ನು ನೋಡೋಣ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಟಿಕ್‌ಟಾಕ್ ಕೂಡ ಇತ್ತು. ಹಳ್ಳಿಯ ಹಿತ್ತಿಲಲ್ಲಿ ನಿಂತು ಲಕ್ಷಾಂತರ ಅಭಿಮಾನಿಗಳನ್ನು ಗಳಿಸಿದ್ದ ಹುಡುಗ ಹುಡುಗಿಯರಿಗೆ ರಾತ್ರಿ ಬೆಳಗಾಗುವುದರೊಳಗೆ ಒಬ್ಬ ಅಭಿಮಾನಿಯೂ ಉಳಿಯಲಿಲ್ಲ. ನಿಷೇಧ ಸರಿಯೋ ತಪ್ಪೋ, ಅದು ಬೇರೆ ಮಾತು. ಆ ಅಭಿಮಾನಿಗಳನ್ನು ಇನ್ನೊಂದು ಕಡೆಗೆ ಕರೆದುಕೊಂಡು ಹೋಗುವ ದಾರಿ ಅವರ ಕೈಯಲ್ಲಿರಲಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಚಾನೆಲ್ ಎಲ್ಲದರ ಕಥೆಯೂ ಇಷ್ಟೇ. ನಿಮ್ಮ ಬರಹ ಯಾರಿಗೆ ಕಾಣಬೇಕು, ಎಷ್ಟು ಜನಕ್ಕೆ ಕಾಣಬೇಕು ಎಂಬುದನ್ನು ಕಂಪನಿ ನಿರ್ಧರಿಸುತ್ತದೆ. ಈಮೇಲ್ ಪಟ್ಟಿ ಹಾಗಲ್ಲ. ಅದನ್ನು ಒಂದು ಸಣ್ಣ ಫೈಲಿನಲ್ಲಿ ಇಳಿಸಿಕೊಂಡು ಇವತ್ತು ಈ ಕಂಪನಿಯಿಂದ, ನಾಳೆ ಆ ಕಂಪನಿಯಿಂದ ಪತ್ರ ಕಳಿಸಬಹುದು. ಅಮೆರಿಕದಲ್ಲಿ ಪತ್ರಿಕೆಗಳ ಕೆಲಸ ಬಿಟ್ಟ ಅನೇಕ ಪತ್ರಕರ್ತರು 2017ರಲ್ಲಿ ಶುರುವಾದ ಸಬ್‌ಸ್ಟ್ಯಾಕ್ ಎಂಬ ನ್ಯೂಸ್‌ಲೆಟರ್ ವೇದಿಕೆಯ ಕಡೆಗೆ ಹೋದದ್ದಕ್ಕೆ ಇದೂ ಒಂದು ಕಾರಣ. ಆ ಕಂಪನಿ ಚಂದಾ ಹಣದಲ್ಲಿ ಶೇ 10 ಇಟ್ಟುಕೊಳ್ಳುತ್ತದೆ, ಓದುಗರ ಪಟ್ಟಿ ಮಾತ್ರ ಬರೆದವರದೇ.

ಸರಿ, ಪಟ್ಟಿ ಬೆಳೆಯುವುದು ಹೇಗೆ? ‘ಮಾರ್ನಿಂಗ್ ಬ್ರೂ’ ಎಂಬ ವ್ಯಾಪಾರ ಸುದ್ದಿಯ ನ್ಯೂಸ್‌ಲೆಟರ್ ಅನ್ನು 2015ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಅಲೆಕ್ಸ್ ಲೀಬರ್‌ಮನ್ ಮತ್ತು ಆಸ್ಟಿನ್ ರೀಫ್, ಶುರು ಮಾಡಿದರು. 2020ರಲ್ಲಿ ಅದರ ಹೆಚ್ಚಿನ ಪಾಲನ್ನು ಇನ್‌ಸೈಡರ್ ಸಂಸ್ಥೆ ಕೊಂಡಾಗ ಅದಕ್ಕೆ ಕಟ್ಟಿದ ಬೆಲೆ ಸುಮಾರು 7.5 ಕೋಟಿ ಡಾಲರ್. ಸ್ನೇಹಿತರನ್ನು ಸೇರಿಸಿದವರಿಗೆ ಸ್ಟಿಕ್ಕರ್, ಕಾಫಿ ಮಗ್ ಕೊಡುವ ಅದರ ಯೋಜನೆಯ ಬಗ್ಗೆ ಮಾರ್ಕೆಟಿಂಗ್ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಮಗ್ಗಿಗಿಂತ ಹಿಂದಿನ ಸಂಗತಿ. ಮೊದಲ ದಿನಗಳಲ್ಲಿ ಇವರು ತರಗತಿಗಳಲ್ಲಿ ಎದ್ದು ನಿಂತು, ನಾವು ಇಂಥದ್ದೊಂದು ಪತ್ರ ಕಳಿಸುತ್ತೇವೆ ಎಂದು ಹೇಳಿ, ಬೆಂಚಿನಿಂದ ಬೆಂಚಿಗೆ ಹಾಳೆ ದಾಟಿಸಿ ಈಮೇಲ್ ವಿಳಾಸ ಬರೆಸಿಕೊಳ್ಳುತ್ತಿದ್ದರು. ತಂತ್ರಜ್ಞಾನದ ದೇಶದಲ್ಲಿ, ಪೆನ್ನು ಕಾಗದ ಹಿಡಿದು!

ನಮಗೆ ಇದು ಹೊಸದೇನೂ ಅಲ್ಲ. ಕನ್ನಡ ಕಾದಂಬರಿಗೆ ಓದುಗರನ್ನು ಹುಟ್ಟಿಸಿದ ಗಳಗನಾಥರು, ಅಂದರೆ ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿಯವರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದವರು. ‘ಮಾಧವ ಕರುಣಾವಿಲಾಸ’ದಂಥ ದೊಡ್ಡ ಕಾದಂಬರಿ ಬರೆದ ಮನುಷ್ಯನಿಗೆ ಓದುಗರ ಮನೆ ಬಾಗಿಲಿಗೆ ಹೋಗುವುದು ಕೀಳು ಕೆಲಸ ಎನ್ನಿಸಲಿಲ್ಲ. ಇವತ್ತಿನ ನಮ್ಮ ಬರಹಗಾರರಿಗೆ ಅನ್ನಿಸುತ್ತದೆ. ‘ಬರೆಯುವುದು ನನ್ನ ಕೆಲಸ, ಓದುವವರು ಹುಡುಕಿಕೊಂಡು ಬರಲಿ’ ಎನ್ನುತ್ತಾರೆ. ಇದನ್ನು ಸಂಕೋಚ ಎಂದು ಕರೆದುಕೊಳ್ಳುತ್ತಾರಾದರೂ ನನಗೇಕೋ ಇದರಲ್ಲಿ ಜಂಬದ ವಾಸನೆಯೇ ಹೆಚ್ಚು ಬಡಿಯುತ್ತದೆ. ‘ಬೇಡ’ ಎನ್ನಿಸಿಕೊಳ್ಳಲು ಮನಸ್ಸಿಲ್ಲದವನು ಕೇಳುವುದೇ ಇಲ್ಲ.

ಆದರೆ ಕೇಳಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು. ‘ಸಾಹಿತ್ಯ, ಸಿನಿಮಾ, ರಾಜಕೀಯ, ಬದುಕಿನ ಬಗ್ಗೆ ನನ್ನ ಅನಿಸಿಕೆಗಳು’ ಎಂದರೆ ಯಾರು ವಿಳಾಸ ಕೊಡುತ್ತಾರೆ? ಅನಿಸಿಕೆ ಎಲ್ಲರ ಬಳಿಯೂ ಇದೆ. ಏನು, ಯಾರಿಗೆ, ಯಾವ ದಿನ ಎಂಬ ಮೂರಕ್ಕೂ ಒಂದೇ ವಾಕ್ಯದಲ್ಲಿ ಉತ್ತರ ಸಿಗಬೇಕು. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ದಿ ಕೆನ್’ ದಿನಕ್ಕೆ ಒಂದೇ ಒಂದು ವಿವರವಾದ ವ್ಯಾಪಾರ ವರದಿ ಎಂಬ ಮಾತು ಕೊಟ್ಟು ದುಡ್ಡು ಕೇಳಿತು. ಸುದ್ದಿ ಪುಕ್ಕಟೆ ಸಿಗುವ ಊರಿನಲ್ಲಿ ಜನ ಕೊಟ್ಟರು.

ಕನ್ನಡದಲ್ಲಿ ಹೀಗೆ ಕೊಡಬಹುದಾದ ಮಾತುಗಳಿಗೆ ಬರವಿಲ್ಲ. ಅಡಿಕೆಯನ್ನೇ ತೆಗೆದುಕೊಳ್ಳಿ. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಗೊರಬಲು, ಸರಕಿನ ಧಾರಣೆ ಪತ್ರಿಕೆಯಲ್ಲಿ ಬರುತ್ತದೆ, ವಾಟ್ಸ್‌ಆ್ಯಪ್ಪಿನಲ್ಲಿ ಅದಕ್ಕೂ ಮೊದಲೇ ಬರುತ್ತದೆ. ರಾಶಿ ಬೆಲೆ ಈ ವಾರ ಏಕೆ ಇಳಿಯಿತು, ಆಮದಿನ ಸುದ್ದಿಯಲ್ಲಿ ನಿಜವೆಷ್ಟು, ಎಲೆಚುಕ್ಕಿ ರೋಗ ಯಾವ ಕಡೆಗೆ ಹಬ್ಬುತ್ತಿದೆ, ಬೋರ್ಡೋ ದ್ರಾವಣ ಹೊಡೆಯಲು ಮಳೆ ಯಾವಾಗ ಬಿಡುವು ಕೊಡಬಹುದು ಎಂದು ಪ್ರತಿ ಶನಿವಾರ ಬೆಳಿಗ್ಗೆ ಒಬ್ಬರು ತಿಳಿದು ಬರೆದರೆ? ತೀರ್ಥಹಳ್ಳಿಯ ಬೆಳೆಗಾರ ಓದುತ್ತಾನೆ. ತೋಟವನ್ನು ದೂರದಿಂದಲೇ ನೋಡಿಕೊಳ್ಳುವ, ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಕುಳಿತ ಮಗನಂತೂ ಓದೇ ಓದುತ್ತಾನೆ. ಅಪ್ಪನಿಗೆ ಫೋನು ಮಾಡಿದಾಗ ಆಡಲು ಅವನಿಗೆ ಮಾತು ಬೇಕು. ವಿಷಯ ಕಿರಿದಾದಷ್ಟೂ ಕೇಳುವುದು ಸುಲಭ. ಯಾರ ಬಳಿ ಹೋಗಬೇಕು ಎಂಬುದು ಗೊತ್ತಿರುತ್ತದಲ್ಲ.

ಓದುಗರೇ ಮುಂದಾಗಿ ಬಂದ ಉದಾಹರಣೆಯೂ ಇದೆ. ಬಾಸ್ಟನ್ ಕಾಲೇಜಿನ ಇತಿಹಾಸ ಪ್ರಾಧ್ಯಾಪಕಿ ಹೆದರ್ ಕಾಕ್ಸ್ ರಿಚರ್ಡ್‌ಸನ್ ಅವರಿಗೆ 2019ರ ಸೆಪ್ಟೆಂಬರ್‌ನಲ್ಲಿ ಕಣಜ ಕುಟುಕಿತು. ಅಲರ್ಜಿ ಇದ್ದದ್ದರಿಂದ ಕೂಡಲೇ ಕಾರು ಓಡಿಸುವ ಧೈರ್ಯ ಮಾಡದೆ, ಏನಾಗುತ್ತದೋ ನೋಡೋಣ ಎಂದು ಕಾಯುತ್ತ ಕುಳಿತರು. ಆ ಹೊತ್ತಿನಲ್ಲಿ ಫೇಸ್‌ಬುಕ್ಕಿನಲ್ಲಿ ದೇಶದ ರಾಜಕೀಯದ ಬಗ್ಗೆ ಒಂದು ಟಿಪ್ಪಣಿ ಬರೆದರು. ಓದಿದವರು ಪ್ರಶ್ನೆ ಕೇಳಿದರು. ಅವರು ಉತ್ತರ ಬರೆದರು. ಮತ್ತಷ್ಟು ಪ್ರಶ್ನೆಗಳು ಬಂದವು. ‘ಲೆಟರ್ಸ್ ಫ್ರಂ ಆ್ಯನ್ ಅಮೆರಿಕನ್’ ಹುಟ್ಟಿದ್ದು ಹೀಗೆ. ಇಂದು ಅದಕ್ಕೆ ಹತ್ತು ಲಕ್ಷಕ್ಕೂ ಮೀರಿ ಚಂದಾದಾರರಿದ್ದಾರೆ. ಪತ್ರ ಎಲ್ಲರಿಗೂ ಉಚಿತ, ಚರ್ಚೆಯಲ್ಲಿ ಬರೆಯಬೇಕೆನ್ನುವವರು ಮಾತ್ರ ದುಡ್ಡು ಕೊಡುತ್ತಾರೆ. ಇದನ್ನು ಅದೃಷ್ಟ ಎಂದು ತಳ್ಳಿಹಾಕುವವರು ಒಂದನ್ನು ಗಮನಿಸಬೇಕು. ಆಕೆ ಕಾಮೆಂಟುಗಳಿಗೆ ಹೃದಯದ ಚಿಹ್ನೆ ಒತ್ತಿ ಮುಂದೆ ಹೋಗಲಿಲ್ಲ. ಕೂತು ಉತ್ತರ ಬರೆದರು. ಕೇಳಿದವರಿಗೆ ಉತ್ತರಿಸುವುದೂ ಓದುಗರನ್ನು ಕೇಳಿಕೊಳ್ಳುವ ಒಂದು ಬಗೆಯೇ.

ಕನ್ನಡದಲ್ಲಿ ಎದುರಾಗುವ ತೊಡಕುಗಳನ್ನೂ ಹೇಳಬೇಕು. ನಮ್ಮ ಬಹುಪಾಲು ಓದುಗರಿಗೆ ಈಮೇಲ್ ಎಂದರೆ ಆಫೀಸು, ಬ್ಯಾಂಕು, ಓಟಿಪಿ. ಮನಸ್ಸಿಗೆ ಬೇಕಾದದ್ದೆಲ್ಲ ವಾಟ್ಸ್‌ಆ್ಯಪ್ಪಿನಲ್ಲಿ. ಹೀಗಾಗಿ ಪತ್ರದ ಮೊದಲ ಎರಡು ಪ್ಯಾರಾ ವಾಟ್ಸ್‌ಆ್ಯಪ್ಪಿನಲ್ಲಿ ಹೋಗಲಿ, ಉಳಿದದ್ದು ಈಮೇಲಿನಲ್ಲಿ ಸಿಗಲಿ ಎಂಬ ಉಪಾಯ ಮಾಡಬೇಕಾಗುತ್ತದೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ‘ಸ್ತ್ರೀ’ ಎಂಬ ಒಂದೇ ಒಂದು ಅಕ್ಷರ ಸ, ವಿರಾಮ, ತ, ವಿರಾಮ, ರ, ದೀರ್ಘ ಎಂದು ಆರು ಚಿಹ್ನೆಯಾಗಿ 18 ಬೈಟ್ ತಿನ್ನುತ್ತದೆ. ಪತ್ರ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಅದನ್ನು ನಡುವೆ ಕತ್ತರಿಸಿ, ಪೂರ್ತಿ ನೋಡಲು ಇಲ್ಲಿ ಒತ್ತಿ ಎನ್ನುತ್ತದೆ. ಬಣ್ಣಬಣ್ಣದ ಟೆಂಪ್ಲೇಟು, ಗುಂಡಿ, ಕೊಂಡಿಗಳನ್ನೆಲ್ಲ ತುಂಬಿಸಿದ ಉದ್ದನೆಯ ಕನ್ನಡ ಪತ್ರ ಆ ಗೆರೆಯನ್ನು ಬಹಳ ಬೇಗ ಮುಟ್ಟುತ್ತದೆ. ಕತ್ತರಿಸಿದ ಭಾಗದಲ್ಲೇ ಚಂದಾ ರದ್ದು ಮಾಡುವ ಕೊಂಡಿಯೂ ಇರುತ್ತದೆ. ಅದು ಸಿಗದೆ ಬೇಸತ್ತವರು ‘ಸ್ಪ್ಯಾಮ್’ ಗುಂಡಿ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಗೂಗಲ್, ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು, ಒಂದೇ ಒತ್ತಿಗೆ ಚಂದಾ ರದ್ದಾಗಬೇಕು ಎಂದು ಷರತ್ತು ಹಾಕಿದೆ. ಸಾವಿರಕ್ಕೆ ಮೂವರು ಸಿಟ್ಟಾದರೂ ಅಪಾಯವೇ. ಆದ್ದರಿಂದ ಪತ್ರ ಸರಳವಾಗಿರಲಿ, ಬಿಟ್ಟು ಹೋಗುವ ದಾರಿ ಮೇಲೆಯೇ ಕಾಣಲಿ.

ಪುಸ್ತಕ ಬಿಡುಗಡೆಯ ಹಾಜರಿ ಪಟ್ಟಿ, ಹಳೆಯ ಆಫೀಸಿನ ವಿಳಾಸ ಪುಸ್ತಕ, ಯಾರೋ ಮಾರಿದ ಎಕ್ಸೆಲ್ ಹಾಳೆ ಇವನ್ನೆಲ್ಲ ಹೇಳದೆ ಕೇಳದೆ ಸೇರಿಸಿಕೊಳ್ಳುವ ಚಾಳಿ ಏಕೆ ಕೆಟ್ಟದ್ದು ಎಂಬುದೂ ಇಲ್ಲಿಯೇ ತಿಳಿಯುತ್ತದೆ. ಅದು ಅಸಭ್ಯ. ಜೊತೆಗೆ ಕೇಳಿ ಬಂದವರ ಪತ್ರವನ್ನೂ ಕಸದ ಬುಟ್ಟಿಗೆ ಬೀಳಿಸುವ ದಡ್ಡತನ. ಬದಲಿಗೆ, ಹೊಸಬರು ಸೇರಿದ ಕೂಡಲೇ ಒಂದು ಸಣ್ಣ ಪತ್ರ ಬರೆದು, ‘ನೀವು ಯಾವ ಊರಿನವರು, ಇದನ್ನು ಏಕೆ ಓದಬೇಕೆನ್ನಿಸಿತು’ ಎಂದು ಕೇಳಿ ನೋಡಿ. ಓದುಗ ಉತ್ತರಿಸಿದರೆ ಇದು ಬೇಕಾದವರ ಪತ್ರ ಎಂಬ ಸುಳಿವು ಜಿಮೇಲ್‌ಗೂ ಸಿಗುತ್ತದೆ. ನಿಮಗೆ ಮುಂದಿನ ವಾರಕ್ಕೆ ವಿಷಯ ಸಿಗುತ್ತದೆ.

ಸಂಖ್ಯೆಗಳ ಹುಚ್ಚು ಹತ್ತಿಸಿಕೊಳ್ಳಬೇಡಿ ಎನ್ನುವುದಕ್ಕೂ ಕಾರಣವಿದೆ. ಎಷ್ಟು ಜನ ಪತ್ರ ತೆರೆದರು ಎಂಬ ಲೆಕ್ಕ ಸಿಗುವುದು ಪತ್ರದೊಳಗೆ ಅಡಗಿಸಿಟ್ಟ ಕಾಣದಷ್ಟು ಚಿಕ್ಕ ಚಿತ್ರವೊಂದರಿಂದ. 2021ರ ಸೆಪ್ಟೆಂಬರ್‌ನಿಂದ ಆ್ಯಪಲ್ ತನ್ನ ಮೇಲ್ ಬಳಸುವವರಿಗೆ ಗೋಪ್ಯತೆಯ ಆಯ್ಕೆ ಕೊಟ್ಟಿತು. ಅದನ್ನು ಒಪ್ಪಿಕೊಂಡವರ ಪತ್ರದ ಚಿತ್ರಗಳನ್ನು ಓದುಗ ಮುಟ್ಟುವ ಮೊದಲೇ ಯಂತ್ರ ಇಳಿಸಿಕೊಳ್ಳುತ್ತದೆ. ಮನುಷ್ಯ ಓದಿದನೋ ಯಂತ್ರ ಓದಿತೋ ಹೇಳುವವರಾರು? ಎಷ್ಟು ಜನ ಉತ್ತರ ಬರೆದರು, ಎಷ್ಟು ಜನ ಇನ್ನೊಬ್ಬರನ್ನು ಕರೆತಂದರು, ಒಂದು ವಾರ ತಪ್ಪಿದರೆ ಎಷ್ಟು ಜನ ‘ಏಕೆ ಬರಲಿಲ್ಲ’ ಎಂದರು ಎಂಬುದೇ ನಂಬಬಹುದಾದ ಲೆಕ್ಕ.

ಇನ್ನು ದುಡ್ಡು. ಸಾವಿರ ನಿಜವಾದ ಅಭಿಮಾನಿಗಳು ವರ್ಷಕ್ಕೆ ನೂರು ಡಾಲರ್ ಕೊಟ್ಟರೆ ಕಲಾವಿದ ಬದುಕಬಹುದು ಎಂದು 2008ರಲ್ಲಿ ಅಮೆರಿಕದ ಲೇಖಕ ಕೆವಿನ್ ಕೆಲ್ಲಿ ಬರೆದದ್ದು ಬಹಳ ಪ್ರಸಿದ್ಧ. ನಮ್ಮ ಲೆಕ್ಕದಲ್ಲಿ ಸಾವಿರ ಜನ ವರ್ಷಕ್ಕೆ ₹600 ಕೊಟ್ಟರೆ ಆರು ಲಕ್ಷ. ಚಿಕ್ಕ ಊರಿನ ಬರಹಗಾರನಿಗೆ ಅದೇನೂ ಕಡಿಮೆಯಲ್ಲ. ಆದರೆ ತಿಂಗಳು ತಿಂಗಳು ಕಾರ್ಡಿನಿಂದ ತಾನಾಗಿ ಕಡಿತವಾಗುವ ಅಮೆರಿಕದ ಪದ್ಧತಿ ಇಲ್ಲಿ ಸಲೀಸಲ್ಲ. ಇಂಥ ಕಡಿತದ ಬಗ್ಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದಾಗ ಎಷ್ಟೋ ಚಂದಾಗಳ ನವೀಕರಣ ನಿಂತುಹೋಯಿತು. ವರ್ಷಕ್ಕೊಮ್ಮೆ ಯುಪಿಐ ಮೂಲಕ ಕೇಳುವುದೇ ನಮಗೆ ಸರಿಹೊಂದುವ ದಾರಿ. ಅಲ್ಲಿಯೂ ಕೇಳುವುದು ತಪ್ಪುವುದಿಲ್ಲ ನೋಡಿ.

ಕನ್ನಡಿಗರು ಕೊಡುವುದಿಲ್ಲ ಎನ್ನುವವರು ಧಾರವಾಡದ ಕಡೆ ನೋಡಲಿ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಬೆಳೆದ ಸಂಸ್ಥೆ. ಗಿರೀಶ ಕಾರ್ನಾಡರ ‘ಯಯಾತಿ’ ಮೊದಲು ಹೊರಬಂದದ್ದು ಅಲ್ಲಿಂದಲೇ. 1980ರಲ್ಲಿ ಶುರುವಾದ ಲಂಕೇಶರ ಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗರ ದುಡ್ಡಿನಲ್ಲಿ ನಡೆಯಿತು. ಅವರ್ಯಾರೂ ‘ಲಿಂಕ್ ಕಾಮೆಂಟಿನಲ್ಲಿದೆ’ ಎಂದು ಬರೆದು ಸುಮ್ಮನೆ ಕೂರಲಿಲ್ಲ.

ಹಾಗಾಗಿ ಆ ಅರವತ್ತು ಮಂದಿಯ ಒಡೆಯರಿಗೆ ಒಂದು ಮಾತು. ಮುಂದಿನ ಕಂತು ಬರೆಯುವ ಮುಂಚೆ ನಿಮಗೆ ಹೆಸರು ಗೊತ್ತಿರುವ ಇಪ್ಪತ್ತು ಜನಕ್ಕೆ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ನಾಲ್ಕು ಸಾಲು ಬರೆಯಿರಿ. ಈ ಪತ್ರ ನಿಮಗೇ ಏಕೆ ಎಂದು ಹೇಳಿ, ವಿಳಾಸ ಕೇಳಿ. ಬಹುಶಃ ಐದು ಜನ ಒಪ್ಪುತ್ತಾರೆ. ಒಪ್ಪದವರನ್ನು ಬಿಡಬೇಡಿ. ಮುನಿಸಿಕೊಳ್ಳದೆ, ‘ಏಕೆ ಬೇಡ?’ ಎಂದು ಕೇಳಿ. ನಿಮ್ಮ ಪತ್ರದಲ್ಲಿ ಏನು ಕೊರತೆ ಇದೆ ಎಂಬುದನ್ನು ನಿಮಗೆ ತಿಳಿಸಬಲ್ಲವರು ಅವರೇ. ಯಾವ ಕಂಪನಿಯ ಡ್ಯಾಶ್‌ಬೋರ್ಡೂ ಅದನ್ನು ತೋರಿಸುವುದಿಲ್ಲ.